ಬಿಗಿತವೇ ಬಲವಲ್ಲ: ಪ್ಲಾನೆಟರಿ ಗೇರಿನ ಲೆಕ್ಕದಲ್ಲಿ ಬೇರೂರಿದ ತಪ್ಪು

ಪ್ಲಾನೆಟರಿ ಗೇರು ವ್ಯವಸ್ಥೆಯ ನಡುವೆ ಒಂದು ಸನ್ ಗೇರು ಇರುತ್ತದೆ. ಅದರ ಸುತ್ತ ಮೂರೋ ನಾಲ್ಕೋ ಐದೋ ಪ್ಲಾನೆಟ್ ಗೇರುಗಳು. ಅವೆಲ್ಲವನ್ನೂ ಬಳಸಿ ನಿಂತಿರುವುದು ಒಳಮುಖಕ್ಕೆ ಹಲ್ಲಿರುವ ರಿಂಗ್ ಗೇರು. ಒಂದೊಂದು ಪ್ಲಾನೆಟ್ಟೂ ತನ್ನ ಪಿನ್ನಿನ ಮೇಲೆ ತಿರುಗುತ್ತದೆ, ಪಿನ್ನುಗಳನ್ನೆಲ್ಲ ಕ್ಯಾರಿಯರ್ ಹಿಡಿದುಕೊಂಡಿರುತ್ತದೆ. ಈ ಜೋಡಣೆಯ ಹೆಚ್ಚುಗಾರಿಕೆ ಒಂದೇ: ಎರಡು ಗೇರುಗಳು ಒಂದೇ ಜಾಗದಲ್ಲಿ ಹಲ್ಲು ಕಚ್ಚಿ ದಾಟಿಸಬೇಕಾದ ಟಾರ್ಕ್ ಇಲ್ಲಿ ಹಲವು ದಾರಿಗಳಲ್ಲಿ ಹಂಚಿಹೋಗುತ್ತದೆ. ಆದ್ದರಿಂದಲೇ ಅದೇ ಕೆಲಸಕ್ಕೆ ಚಿಕ್ಕದಾದ, ಹಗುರವಾದ ಗೇರ್‌ಬಾಕ್ಸ್ ಸಾಕಾಗುತ್ತದೆ. ಕಾರಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್, ಹೆಲಿಕಾಪ್ಟರಿನ ರೋಟರ್, ಗಾಳಿಯಂತ್ರ, ಸಕ್ಕರೆ ಕಾರ್ಖಾನೆಯ ಗಿರಣಿ, ಸಿಮೆಂಟ್ ಕಾರ್ಖಾನೆಯ ಮಿಲ್ಲು, ಎಲ್ಲೆಡೆಯೂ ಅದು ನೆಲೆಯೂರಿದ್ದು ಈ ಒಂದು ಗುಣದ ಬಲದಿಂದ.

ಹಂಚಿಕೆ ಸಮವಾಗಿದ್ದರೆ ಮಾತ್ರ ಈ ಗುಣಕ್ಕೆ ಬೆಲೆ. ಆದರೂ ಸಮಹಂಚಿಕೆಯನ್ನು ಸಾಧಿಸಿಕೊಳ್ಳಬೇಕಾದ ಗುರಿ ಎಂದು ಕಾಣುವವರು ಕಡಿಮೆ. ತಾನಾಗಿಯೇ ಸಿಗುವ ಸೌಲಭ್ಯವೆಂದು ನಂಬುವವರೇ ಹೆಚ್ಚು. ಡಿಪ್ಲೊಮಾ ತರಗತಿಯಿಂದ ಡಿಸೈನ್ ಆಫೀಸಿನವರೆಗೆ ಚಾಲ್ತಿಯಲ್ಲಿರುವ ರೂಢಿ ಹೀಗಿದೆ: ಒಟ್ಟು ಟಾರ್ಕನ್ನು ಪ್ಲಾನೆಟ್‌ಗಳ ಸಂಖ್ಯೆಯಿಂದ ಭಾಗಿಸು, ಬಂದ ಪಾಲಿಗೆ ಒಂದು ಹಲ್ಲಿನ ಸ್ಟ್ರೆಸ್ ಲೆಕ್ಕ ಹಾಕು, ಸೇಫ್ಟಿ ಫ್ಯಾಕ್ಟರ್ ಸಾಕಷ್ಟಿದ್ದರೆ ಡ್ರಾಯಿಂಗಿಗೆ ಸಹಿ ಹಾಕು. ಮುಂದೆ ಹಲ್ಲು ಮುರಿದರೆ, ಬೇರಿಂಗ್ ಕೆಟ್ಟರೆ ಅದಕ್ಕೂ ಸಿದ್ಧ ಉತ್ತರವಿದೆ. ರಿಂಗ್ ಗೇರನ್ನು ದಪ್ಪ ಮಾಡು, ಪಿನ್ನನ್ನು ತೋರ ಮಾಡು, ಕೇಸಿಂಗ್ ಗಟ್ಟಿ ಮಾಡು, ಟಾಲರೆನ್ಸ್ ಬಿಗಿ ಮಾಡು, ಅದಕ್ಕೂ ಬಗ್ಗದಿದ್ದರೆ ಇನ್ನೊಂದು ಪ್ಲಾನೆಟ್ ಸೇರಿಸು. ಈ ಸಲಹೆಗಳೆಲ್ಲದರ ಹಿಂದೆ ಒಂದೇ ನಂಬಿಕೆ ಕೂತಿದೆ: ಯಾವುದು ಕಡಿಮೆ ಬಾಗುತ್ತದೆಯೋ ಅದು ಹೆಚ್ಚು ಬಾಳುತ್ತದೆ. ಪ್ಲಾನೆಟರಿ ಗೇರಿನ ಮಟ್ಟಿಗೆ ಈ ನಂಬಿಕೆ ತಪ್ಪು, ಮತ್ತು ಅದು ದುಬಾರಿ ತಪ್ಪು.

ನಂಬಿಕೆ ಹುಟ್ಟಿದ್ದಕ್ಕೆ ಕಾರಣವೇನೋ ಇದೆ. ಎರಡು ಶಾಫ್ಟುಗಳ ಸಾಮಾನ್ಯ ಗೇರ್‌ಬಾಕ್ಸಿನಲ್ಲಿ ಬಲ ಹರಿಯುವುದು ಒಂದೇ ದಾರಿಯಲ್ಲಿ. ಅಲ್ಲಿ ಶಾಫ್ಟು ಬಾಗಿದರೆ ಹಲ್ಲಿನ ಅಗಲದಲ್ಲಿ ಭಾರ ಒಂದು ತುದಿಗೆ ಸರಿಯುತ್ತದೆ. ಶಾಫ್ಟನ್ನೂ ಕೇಸಿಂಗನ್ನೂ ಗಟ್ಟಿ ಮಾಡಿದಷ್ಟೂ ಹಲ್ಲುಗಳ ಸಂಪರ್ಕ ಸರಿಹೋಗುತ್ತದೆ. ತಲೆಮಾರುಗಳ ಕಾಲ ಗೇರಿನವರು ಕಲಿತದ್ದು ಈ ಪಾಠವನ್ನೇ, ಆ ಗೇರ್‌ಬಾಕ್ಸಿಗೆ ಅದು ನಿಜವೂ ಹೌದು. ಒಂದು ದಾರಿಯ ಯಂತ್ರದಲ್ಲಿ ಕಲಿತ ಪಾಠವನ್ನು ಹಲವು ದಾರಿಗಳ ಯಂತ್ರಕ್ಕೆ ಯೋಚಿಸದೆ ಅನ್ವಯಿಸಿದ್ದೇ ತಪ್ಪಿನ ಮೂಲ.

ಹಲವು ದಾರಿಗಳಿದ್ದಲ್ಲಿ ಯಾವ ದಾರಿ ಎಷ್ಟು ಹೊರುತ್ತದೆ ಎಂಬುದನ್ನು ಟಾರ್ಕಿನ ಸಮತೋಲನ ಒಂದೇ ಹೇಳಲಾರದು. ಯಾವ ಭಾಗ ಎಷ್ಟು ಮಣಿಯುತ್ತದೆ, ಎಲ್ಲಿ ಎಷ್ಟು ತಯಾರಿಕೆಯ ದೋಷವಿದೆ ಎಂಬುದೂ ಲೆಕ್ಕಕ್ಕೆ ಬರಬೇಕು. ಸಮನಲ್ಲದ ನೆಲದ ಮೇಲೆ ಮೂರು ಕಾಲಿನ ಸ್ಟೂಲು ಕುಲುಕದೆ ಕೂರುತ್ತದೆ, ನಾಲ್ಕು ಕಾಲಿನ ಮಂಚ ಮೂರು ಕಾಲುಗಳ ಮೇಲೆ ನಿಂತು ನಾಲ್ಕನೆಯದನ್ನು ತೇಲಿಸುತ್ತದೆ. ಮಂಚದ ಕಾಲುಗಳನ್ನು ಎಷ್ಟು ದಪ್ಪ ಮಾಡಿದರೂ ಕುಲುಕು ನಿಲ್ಲುವುದಿಲ್ಲ. ಮೂರು ಪ್ಲಾನೆಟ್‌ಗಳ ಗೇರಿನಲ್ಲಿ ಸನ್ ಗೇರನ್ನು ಬೇರಿಂಗಿನಲ್ಲಿ ಬಂಧಿಸದೆ ತೇಲಲು ಬಿಟ್ಟರೆ ಅದು ಮೂರು ಹಲ್ಲುಗಳ ನಡುವೆ ತನ್ನ ಜಾಗವನ್ನು ತಾನೇ ಹುಡುಕಿಕೊಳ್ಳುತ್ತದೆ, ಮೂರಕ್ಕೂ ಸಮಭಾರ ಬೀಳುತ್ತದೆ. ನಾಲ್ಕನೆಯ ಪ್ಲಾನೆಟ್ ಬಂದ ಕ್ಷಣ ಈ ಅನುಕೂಲ ಮುಗಿಯಿತು.

ಎಷ್ಟರಮಟ್ಟಿಗೆ ಮುಗಿಯಿತು ಎಂಬುದನ್ನು ಒಂದು ಉದಾಹರಣೆಯಿಂದ ಲೆಕ್ಕ ಹಾಕಿ ನೋಡಬಹುದು. ನಾಲ್ಕು ಪ್ಲಾನೆಟ್‌ಗಳು, ಹಲ್ಲಿನ ಅಗಲ 100 ಮಿಲಿಮೀಟರ್. ಉಕ್ಕಿನ ನೇರ ಹಲ್ಲುಗಳ ಜೋಡಿಯನ್ನು ಒಂದು ಮೈಕ್ರಾನ್ ಅದುಮಲು ಹಲ್ಲಿನ ಅಗಲದ ಪ್ರತಿ ಮಿಲಿಮೀಟರಿಗೆ ಸುಮಾರು 20 ನ್ಯೂಟನ್ ಬಲ ಬೇಕು. ಅಂದರೆ ಈ ಗೇರಿನಲ್ಲಿ ಒಂದು ಮೈಕ್ರಾನಿಗೆ 2,000 ನ್ಯೂಟನ್. ಸಮವಾಗಿ ಹಂಚಿದ್ದರೆ ಪ್ರತಿ ಪ್ಲಾನೆಟ್ಟಿನ ಹಲ್ಲಿಗೆ 40,000 ನ್ಯೂಟನ್ ಬರುತ್ತಿತ್ತು ಎಂದಿಟ್ಟುಕೊಳ್ಳೋಣ. ಈಗ ಒಂದು ಪಿನ್ನಿನ ರಂಧ್ರ ತನ್ನ ಜಾಗದಿಂದ ಸುತ್ತಳತೆಯ ದಿಕ್ಕಿನಲ್ಲಿ 20 ಮೈಕ್ರಾನ್ ಮುಂದೆ ಸರಿದಿದೆ. ತಲೆಗೂದಲಿನ ದಪ್ಪದ ಕಾಲುಭಾಗದಷ್ಟು ತಪ್ಪು ಅದು, ಒಳ್ಳೆಯ ಮೆಷಿನಿನಲ್ಲೂ ಆಗುವಂಥದ್ದು.

ಸನ್ ಗೇರು, ರಿಂಗ್ ಗೇರು, ಕ್ಯಾರಿಯರ್ ಮೂರೂ ತಮ್ಮ ಕೇಂದ್ರಗಳಲ್ಲಿ ಬಿಗಿಯಾಗಿ ನಿಂತಿವೆ, ಪಿನ್ನುಗಳು ಬಾಗುವುದೇ ಇಲ್ಲ ಎಂದಾದರೆ ಈ ದೋಷದ ಮುಕ್ಕಾಲು ಪಾಲು, ಅಂದರೆ 15 ಮೈಕ್ರಾನ್, ಆ ಒಂದು ಪ್ಲಾನೆಟ್ಟಿನ ಹಲ್ಲುಗಳ ಅದುಮಿಕೆಯಾಗಿಯೇ ತೀರಬೇಕು. ಹಲ್ಲುಗಳು ಓರೆಯಾಗಿ ಕಚ್ಚುವ ಕೋನವನ್ನೂ ಲೆಕ್ಕಕ್ಕೆ ಹಿಡಿದರೆ ಹೆಚ್ಚುವರಿ ಬಲ ಸುಮಾರು 28,000 ನ್ಯೂಟನ್ ಆಗುತ್ತದೆ. ಆ ಪ್ಲಾನೆಟ್ಟಿಗೆ 68,000 ನ್ಯೂಟನ್, ಉಳಿದ ಮೂರಕ್ಕೆ ತಲಾ 31,000ಕ್ಕಿಂತ ತುಸು ಕಡಿಮೆ. ಪಾಲಿಗೆ ಬರಬೇಕಾದ್ದರ 1.7 ಪಟ್ಟನ್ನು ಒಂದು ಪ್ಲಾನೆಟ್ ಹೊತ್ತಿದೆ. ಅದೇ ಸನ್ ಗೇರನ್ನು ತೇಲಲು ಬಿಟ್ಟರೆ ದೋಷ ನಾಲ್ಕರ ಮೇಲೂ ಹರಡಿ, ಎದುರುಬದುರಾದ ಎರಡು ಪ್ಲಾನೆಟ್‌ಗಳು 5 ಮೈಕ್ರಾನ್ ಹೆಚ್ಚು, ಇನ್ನೆರಡು ಅಷ್ಟೇ ಕಡಿಮೆ ಅದುಮಿಸಿಕೊಳ್ಳುತ್ತವೆ. ವ್ಯತ್ಯಾಸ 9,400 ನ್ಯೂಟನ್ನಿಗೆ ಇಳಿಯುತ್ತದೆ. ಹೆಚ್ಚು ಹೊರುವವು ಪಾಲಿನ 1.23 ಪಟ್ಟು ಹೊರುತ್ತವೆ. ಇದರ ಮೇಲೆ ಪ್ಲಾನೆಟ್ಟಿನ ಆಸರೆಯನ್ನೂ ಬಳುಕುವಂತೆ ಮಾಡಿ ದಾರಿಯ ಒಟ್ಟು ಬಿಗಿತವನ್ನು ಕಾಲುಭಾಗಕ್ಕೆ ಇಳಿಸಿದರೆ ವ್ಯತ್ಯಾಸ ಶೇಕಡಾ 6ರಷ್ಟೇ ಉಳಿಯುತ್ತದೆ. ಮೂರು ಸಂದರ್ಭಗಳಲ್ಲೂ ಹಲ್ಲು ಅದೇ, ಉಕ್ಕು ಅದೇ, ತಯಾರಿಕೆಯ ದೋಷವೂ ಅದೇ. ಬದಲಾದದ್ದು ಬಿಗಿತ ಮಾತ್ರ.

ಬೇರಿಂಗಿನ ಆಯುಸ್ಸಿಗೆ ಬಂದರೆ ಪರಿಣಾಮ ಇನ್ನೂ ಕಠೋರ. ರೋಲರ್ ಬೇರಿಂಗಿನ ಆಯುಸ್ಸು ಭಾರದ ಮೂರೂಕಾಲು ಮೀರಿದ ಘಾತದಲ್ಲಿ ಕುಸಿಯುತ್ತದೆ. ಪ್ರಮಾಣಿತ ಲೆಕ್ಕದಲ್ಲಿ ಆ ಘಾತ 10/3. ಭಾರ 1.7 ಪಟ್ಟಾದರೆ ಆಯುಸ್ಸು ಆರನೆಯ ಒಂದು ಭಾಗಕ್ಕೆ ಇಳಿಯಿತು. 1.23 ಪಟ್ಟಾದರೆ ಅರ್ಧ. ಶೇಕಡಾ 6 ಹೆಚ್ಚಾದರೆ ಕಳೆದುಕೊಳ್ಳುವುದು ಐದನೆಯ ಒಂದು ಭಾಗಕ್ಕಿಂತ ಕಡಿಮೆ. ಇಪ್ಪತ್ತು ವರ್ಷ ಬಾಳಬೇಕೆಂದು ಲೆಕ್ಕ ಹಾಕಿದ ಬೇರಿಂಗು ಮೂರುನಾಲ್ಕು ವರ್ಷದಲ್ಲಿ ಕೆಟ್ಟಾಗ ಎಣ್ಣೆಯನ್ನೋ ಬೇರಿಂಗ್ ಕಂಪನಿಯನ್ನೋ ದೂರುವುದು ವಾಡಿಕೆ. ಎಣ್ಣೆಯೂ ಕಾರಣವಾಗಿರಬಹುದು. ಆದರೆ ಟಾರ್ಕನ್ನು ಸುಮ್ಮನೆ ನಾಲ್ಕರಿಂದ ಭಾಗಿಸಿದ ಕಾಗದವನ್ನು ಮತ್ತೆ ತೆರೆದು ನೋಡುವವರು ಯಾರು?

ಇನ್ನೊಂದು ಸಂಗತಿ ಗಮನಕ್ಕೆ ಬರುವುದೇ ಇಲ್ಲ. ದೋಷದಿಂದ ಬರುವ ಹೆಚ್ಚುವರಿ ಬಲ ಟಾರ್ಕಿನೊಂದಿಗೆ ಏರಿಳಿಯುವುದಿಲ್ಲ. ಮೇಲಿನ ಬಿಗಿ ಗೇರ್‌ಬಾಕ್ಸ್ ಅರ್ಧ ಭಾರದಲ್ಲಿ ಓಡಿದರೆ ಆ ಒಂದು ಪ್ಲಾನೆಟ್ 48,000 ನ್ಯೂಟನ್ ಹೊರುತ್ತದೆ, ಉಳಿದವು ತಲಾ 11,000ದ ಆಸುಪಾಸು. ಅರ್ಧ ಭಾರದಲ್ಲಿದ್ದೇವೆ, ಗೇರ್‌ಬಾಕ್ಸಿಗೆ ಆರಾಮ ಎಂದು ಯಂತ್ರ ನಡೆಸುವವರು ಭಾವಿಸಿರುವಾಗಲೇ ಆ ಪ್ಲಾನೆಟ್ ತನ್ನ ಪೂರ್ಣ ಪಾಲನ್ನು ಮೀರಿ ದುಡಿಯುತ್ತಿರುತ್ತದೆ. ಗಾಳಿಯಂತ್ರದಂಥ ಯಂತ್ರಗಳು ತಮ್ಮ ಜೀವಮಾನದ ಬಹುಪಾಲನ್ನು ಪೂರ್ಣ ಸಾಮರ್ಥ್ಯಕ್ಕಿಂತ ಕಡಿಮೆಯಲ್ಲೇ ಕಳೆಯುತ್ತವೆ ಎಂಬುದನ್ನು ನೆನೆದರೆ ಇದು ಸಣ್ಣ ವಿಷಯವಲ್ಲ.

ಹಾಗಿದ್ದರೆ ದೋಷವನ್ನೇ ಇಲ್ಲವಾಗಿಸೋಣ, ಟಾಲರೆನ್ಸನ್ನು ಇನ್ನೂ ಬಿಗಿ ಮಾಡೋಣ ಎಂಬುದು ರೂಢಿಯ ಪಕ್ಷದ ಮೊದಲ ಉತ್ತರ. ಲೆಕ್ಕದ ಪ್ರಕಾರ ಅದು ಸರಿ, ದೋಷ ಅರ್ಧವಾದರೆ ವ್ಯತ್ಯಾಸವೂ ಅರ್ಧ. ಆದರೆ ಈ ದಾರಿ ಬಹುದೂರ ಹೋಗುವುದಿಲ್ಲ. 20 ಮೈಕ್ರಾನಿನಿಂದ 5ಕ್ಕೆ ಇಳಿಯಬೇಕಾದರೆ ಮೆಷಿನು, ಅಳತೆ, ಕೋಣೆಯ ಉಷ್ಣತೆ ಎಲ್ಲವೂ ಬೇರೆಯೇ ದರ್ಜೆಯವಾಗಬೇಕು, ಖರ್ಚು ಏರುತ್ತಲೇ ಹೋಗುತ್ತದೆ. ಅಷ್ಟು ಮಾಡಿ ಜೋಡಿಸಿದ ಮೇಲೂ ಗೇರ್‌ಬಾಕ್ಸ್ ಕಾಯುತ್ತದೆ. 600 ಮಿಲಿಮೀಟರ್ ವ್ಯಾಸದ ಉಕ್ಕಿನ ಕ್ಯಾರಿಯರ್ ಹತ್ತು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು 70 ಮೈಕ್ರಾನ್ ಹಿಗ್ಗುತ್ತದೆ. ಎಲ್ಲೆಡೆ ಸಮವಾಗಿ ಹಿಗ್ಗಿದರೆ ಹಂಚಿಕೆಗೆ ಅಷ್ಟು ತೊಂದರೆಯಿಲ್ಲ. ಆದರೆ ಕೇಸಿಂಗಿನ ಒಂದು ಬದಿ ಬಿಸಿ, ಇನ್ನೊಂದು ಬದಿ ತಂಪು ಎಂಬುದೇ ನಿತ್ಯದ ಸ್ಥಿತಿ. ಕಾರ್ಖಾನೆಯಲ್ಲಿ ಹಣ ಸುರಿದು ಗಳಿಸಿದ ಮೈಕ್ರಾನುಗಳು ಕೆಲಸದ ಜಾಗದಲ್ಲಿ ಮೊದಲ ಗಂಟೆಯಲ್ಲೇ ಕರಗುತ್ತವೆ.

ಹೆಚ್ಚುವರಿ ಬಲವೆಂದರೆ ದೋಷ ಮತ್ತು ಬಿಗಿತ ಎರಡರ ಗುಣಲಬ್ಧ. ರೂಢಿಯ ಪಕ್ಷ ಮೊದಲನೆಯದನ್ನು ಮಾತ್ರ ಇಳಿಸಲು ಹೆಣಗುತ್ತದೆ, ಎರಡನೆಯದನ್ನು ಕೈಯಾರೆ ಏರಿಸುತ್ತದೆ. ರಿಂಗ್ ಗೇರನ್ನು ದಪ್ಪ ಮಾಡಿದಾಗ ಹಲ್ಲಿನ ಸ್ಟ್ರೆಸ್ ಇಳಿಯಿತು ಎಂದು ಕಂಪ್ಯೂಟರಿನ ಚಿತ್ರ ತೋರಿಸುವುದು ಆ ಹಲ್ಲಿಗೆ ಬರುವ ಬಲ ಬದಲಾಗಿಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಟ್ಟಿರುವುದರಿಂದ. ವಾಸ್ತವದಲ್ಲಿ ದಪ್ಪಗಾದ ರಿಂಗು ಅದೇ ಹಲ್ಲಿಗೆ ಹೆಚ್ಚು ಬಲ ತಂದು ಹೇರುತ್ತದೆ.

ಬಿಗಿತವನ್ನು ಇಳಿಸುವ ದಾರಿ ಹೊಸದೇನಲ್ಲ. ಜರ್ಮನಿಯ ವಿಲ್ಹೆಲ್ಮ್ ಸ್ಟೋಕಿಶ್ಟ್ ಕಳೆದ ಶತಮಾನದ ಮಧ್ಯಭಾಗದಲ್ಲೇ ತೆಳುವಾದ, ಬಳುಕುವ ರಿಂಗ್ ಗೇರುಗಳನ್ನೂ ತೇಲುವ ಸನ್ ಗೇರನ್ನೂ ಹಲ್ಲಿನ ಕಪ್ಲಿಂಗುಗಳ ಮೂಲಕ ಜೋಡಿಸಿ ಹಡಗು, ಟರ್ಬೈನುಗಳಂಥ ಭಾರೀ ಯಂತ್ರಗಳಿಗೆ ಗೇರ್‌ಬಾಕ್ಸ್ ರೂಪಿಸಿದ್ದ. ಇಂಗ್ಲೆಂಡಿನಲ್ಲಿ ಆ ವಿನ್ಯಾಸ ಅಲೆನ್-ಸ್ಟೋಕಿಶ್ಟ್ ಎಂಬ ಜೋಡಿಹೆಸರಿನಲ್ಲಿ ನಡೆಯಿತು. 1960ರ ದಶಕದಲ್ಲಿ ಬ್ರಿಟಿಷ್ ಎಂಜಿನಿಯರ್ ರೇ ಹಿಕ್ಸ್ ಇದೇ ವಿಚಾರವನ್ನು ಪ್ಲಾನೆಟ್ಟಿನ ಪಿನ್ನಿಗೇ ತಂದ. ಫ್ಲೆಕ್ಸ್‌ಪಿನ್ ಎಂದು ಹೆಸರಾದ ಆ ಭಾಗವನ್ನು ಹತ್ತಿರದಿಂದ ನೋಡುವುದು ಒಳ್ಳೆಯದು, ಬಳುಕು ಎಂದರೆ ಸಡಿಲ ಎಂದು ತಿಳಿದವರಿಗೆ ಅದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ಸಾಮಾನ್ಯ ಪಿನ್ನು ಕ್ಯಾರಿಯರಿನ ಎರಡು ಗೋಡೆಗಳ ನಡುವೆ ಎರಡೂ ತುದಿಗಳಲ್ಲಿ ಬಂಧಿತವಾಗಿರುತ್ತದೆ. ಹಿಕ್ಸನ ಪಿನ್ನು ಒಂದೇ ಗೋಡೆಗೆ ಒಂದು ತುದಿಯಲ್ಲಿ ಮಾತ್ರ ಕಚ್ಚಿಕೊಂಡು ಮುಂದಕ್ಕೆ ಚಾಚಿರುತ್ತದೆ. ಅದರ ಚಾಚಿದ ತುದಿಗೆ ಒಂದು ತೋಳು, ಅಂದರೆ ಟೊಳ್ಳು ಕೊಳವೆ, ಬಿಗಿಯಾಗಿ ಹೊಂದಿಕೊಂಡಿರುತ್ತದೆ. ಆ ಕೊಳವೆ ಪಿನ್ನಿನ ಮೇಲೆಯೇ, ಅದಕ್ಕೆ ತಾಗದಂತೆ, ಗೋಡೆಯ ಕಡೆಗೆ ಹಿಂದಕ್ಕೆ ಬರುತ್ತದೆ. ಪ್ಲಾನೆಟ್ಟಿನ ಬೇರಿಂಗು ಕೂರುವುದು ಈ ಕೊಳವೆಯ ಮೇಲೆ. ಭಾರ ಬಿದ್ದಾಗ ಪಿನ್ನಿನ ತುದಿ ಸರಿಯುತ್ತದೆ, ಜೊತೆಗೆ ಓರೆಯಾಗಲೂ ನೋಡುತ್ತದೆ. ಕೊಳವೆ ಹಿಂದಕ್ಕೆ ಚಾಚಿರುವುದರಿಂದ ಅದರ ಮೇಲಿನ ಭಾರ ಆ ತುದಿಯನ್ನು ವಿರುದ್ಧ ದಿಕ್ಕಿಗೆ ತಿರುಚುತ್ತದೆ. ಉದ್ದಗಳನ್ನು ಸರಿಯಾಗಿ ಆಯ್ದರೆ ಎರಡು ಓರೆಗಳೂ ಒಂದನ್ನೊಂದು ಅಳಿಸಿಬಿಡುತ್ತವೆ. ಉಳಿಯುವುದು ಸರಿಕೆ ಮಾತ್ರ. ಪ್ಲಾನೆಟ್ ತನ್ನ ಅಕ್ಷಕ್ಕೆ ಸಮಾನಾಂತರವಾಗಿಯೇ ಪಕ್ಕಕ್ಕೆ ಸರಿದು ಹೆಚ್ಚಾದ ಭಾರವನ್ನು ನೆರೆಯ ಪ್ಲಾನೆಟ್‌ಗಳಿಗೆ ಬಿಟ್ಟುಕೊಡುತ್ತದೆ. ಹಲ್ಲಿನ ಅಗಲದುದ್ದಕ್ಕೂ ಸಂಪರ್ಕ ಕೆಡುವುದಿಲ್ಲ. ಕ್ಯಾರಿಯರಿನ ಎರಡನೆಯ ಗೋಡೆಯೇ ಬೇಡವಾದ್ದರಿಂದ ಆ ಜಾಗದಲ್ಲಿ ಹೆಚ್ಚು ಪ್ಲಾನೆಟ್‌ಗಳನ್ನು ಕೂರಿಸಲೂ ಬರುತ್ತದೆ. ಬೇಕಾದ ದಿಕ್ಕಿನಲ್ಲಿ ಬಾಗುವುದು, ಬೇಡದ ದಿಕ್ಕಿನಲ್ಲಿ ಬಾಗದಿರುವುದು: ಈ ಎರಡೂ ಒಂದೇ ಜೋಡಣೆಯಲ್ಲಿ ಸಾಧ್ಯ ಎಂಬುದಕ್ಕೆ ಇದಕ್ಕಿಂತ ಅಚ್ಚುಕಟ್ಟಾದ ಸಾಕ್ಷಿ ಯಂತ್ರಶಾಸ್ತ್ರದಲ್ಲಿ ವಿರಳ.

ರಿಂಗ್ ಗೇರಿನ ಮಾತು ಇಷ್ಟು ಸರಳವಲ್ಲ. ಹಲ್ಲಿನ ಬುಡದ ಕೆಳಗಿನ ಲೋಹದ ದಪ್ಪ ಹಲ್ಲಿನ ಎತ್ತರದ 1.2 ಪಟ್ಟಿಗಿಂತ ಹೆಚ್ಚಿದ್ದರೆ ರಿಮ್ಮಿನ ಬಗ್ಗೆ ಬೇರೆ ಚಿಂತೆ ಬೇಡ ಎಂಬ ಸೂತ್ರ ಅಮೆರಿಕದ ಗೇರು ತಯಾರಕರ ಸಂಘವಾದ ಆಗ್ಮಾದ ಲೆಕ್ಕಪದ್ಧತಿಯಿಂದ ಬಂದದ್ದು. ಅದನ್ನು ಓದಿದವರು ದಪ್ಪವಿದ್ದಷ್ಟೂ ಒಳ್ಳೆಯದು ಎಂದು ಅರ್ಥ ಮಾಡಿಕೊಂಡಿದ್ದಾರೆ. 2001ರಲ್ಲಿ ಅಹ್ಮೆತ್ ಕಹ್ರಮಾನ್ ಮತ್ತು ಸಂದೀಪ್ ವಿಜಯಕರ್ ರಿಂಗಿನ ಬಳುಕು ಇಡೀ ವ್ಯವಸ್ಥೆಯ ಮೇಲೆ ಬೀರುವ ಪರಿಣಾಮವನ್ನೇ ವಿಷಯವಾಗಿಟ್ಟುಕೊಂಡು ಪ್ರಕಟಿಸಿದ ಅಧ್ಯಯನ ಎರಡೂ ಬದಿಗಳನ್ನು ತೋರಿಸಿತು. ತೆಳುವಾದ ರಿಂಗು ತಯಾರಿಕೆಯ ದೋಷವನ್ನು ನುಂಗಿಕೊಂಡು ಪ್ಲಾನೆಟ್‌ಗಳ ನಡುವೆ ಭಾರ ಹಂಚಿಕೆಯನ್ನು ಸುಧಾರಿಸುತ್ತದೆ. ಅದೇ ಹೊತ್ತಿಗೆ ಪ್ಲಾನೆಟ್‌ಗಳು ಹಾದುಹೋದಂತೆಲ್ಲ ರಿಂಗು ಹೊರಗೂ ಒಳಗೂ ಬಾಗುವುದರಿಂದ ಅದರ ಸ್ವಂತ ಸ್ಟ್ರೆಸ್ ಏರುತ್ತದೆ. ರಿಂಗನ್ನು ಕೇಸಿಂಗಿಗೆ ಹೇಗೆ ಕಟ್ಟಲಾಗಿದೆ, ಎಷ್ಟು ಬೋಲ್ಟು, ಎಷ್ಟು ಸ್ಪ್ಲೈನ್ ಎಂಬುದೂ ಇದರಲ್ಲಿ ಸೇರುತ್ತದೆ. ಹೀಗಾಗಿ ಸರಿಯಾದ ದಪ್ಪ ಎನ್ನುವುದು ಎರಡು ನಷ್ಟಗಳನ್ನು ತೂಗಿ ಹುಡುಕಬೇಕಾದ ಬೆಲೆ. ದಪ್ಪ ಮಾಡಿ ನಿಶ್ಚಿಂತರಾಗುವವರು ತೂಗುವ ಕೆಲಸವನ್ನೇ ಕೈಬಿಟ್ಟಿದ್ದಾರೆ.

ಸಾಧ್ಯವಾದಲ್ಲೆಲ್ಲ ಬಳುಕು ತುಂಬಿದರೆ ಸರಿಹೋಗುತ್ತದೆ ಎಂಬುದೂ ಸುಳ್ಳೇ. ಕ್ಯಾರಿಯರಿನ ಒಂದು ಗೋಡೆಯಿಂದ ಟಾರ್ಕ್ ಒಳಬಂದಾಗ ಎರಡು ಗೋಡೆಗಳ ನಡುವಿನ ಕಂಬಗಳು ತಿರುಚಿಕೊಳ್ಳುತ್ತವೆ, ಪಿನ್ನುಗಳು ಓರೆಯಾಗುತ್ತವೆ, ಭಾರವೆಲ್ಲ ಹಲ್ಲಿನ ಒಂದು ತುದಿಗೆ ಓಡುತ್ತದೆ. ಹಲ್ಲನ್ನು ಮೊದಲೇ ತುಸು ಓರೆಯಾಗಿ ಉಜ್ಜಿ ಇದನ್ನು ಸರಿದೂಗಿಸುತ್ತಾರೆ, ಆದರೆ ಆ ತಿದ್ದುಪಡಿ ಒಂದು ಟಾರ್ಕಿಗೆ ಮಾತ್ರ ಸರಿಹೊಂದುತ್ತದೆ. ಇಂಥ ಬಳುಕು ಬೇಡವೇ ಬೇಡ. ಇಲ್ಲಿ ಬಿಗಿತವನ್ನು ಕೇಳುವವರು ಸರಿಯಾಗಿಯೇ ಕೇಳುತ್ತಾರೆ.

ಈ ಎರಡು ಮಾತುಗಳೂ ಒಂದೇ ಕಡೆ ಪರೀಕ್ಷೆಗೆ ಒಳಗಾದದ್ದು ಅಮೆರಿಕದ ಕೊಲರಾಡೋದಲ್ಲಿ. ಗಾಳಿಯಂತ್ರಗಳ ಗೇರ್‌ಬಾಕ್ಸುಗಳು ನಿಗದಿತ ಆಯುಸ್ಸಿಗೆ ಬಹಳ ಮೊದಲೇ ಕೆಡುತ್ತಿದ್ದುದರಿಂದ ಅಲ್ಲಿನ ರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಪ್ರಯೋಗಾಲಯ, ಎನ್‌ಆರ್‌ಇಎಲ್, 2007ರಲ್ಲಿ ಗೇರ್‌ಬಾಕ್ಸ್ ವಿಶ್ವಾಸಾರ್ಹತೆಯ ಜಂಟಿ ಯೋಜನೆಯೊಂದನ್ನು ಶುರುಮಾಡಿತು. ಪರೀಕ್ಷೆಗೆ ಆಯ್ದದ್ದು 750 ಕಿಲೋವಾಟ್ ಯಂತ್ರದ ಗೇರ್‌ಬಾಕ್ಸ್, ಅದರಲ್ಲಿ ಮೂರು ಪ್ಲಾನೆಟ್‌ಗಳು, ತೇಲುವ ಸನ್ ಗೇರು. ಪಠ್ಯಪುಸ್ತಕದ ಪ್ರಕಾರ ಸಮಹಂಚಿಕೆ ಖಚಿತವಾಗಬೇಕಾದ ಜೋಡಣೆಯೇ ಅದು. ಒಳಗೆಲ್ಲ ಸ್ಟ್ರೇನ್ ಗೇಜ್ ಅಂಟಿಸಿ ಅಳೆದಾಗ ಭಾರ ಸಮವಾಗಿರಲಿಲ್ಲ. ರೆಕ್ಕೆಗಳ ತೂಕವೂ ಗಾಳಿಯ ಎಳೆತವೂ ಮುಖ್ಯ ಶಾಫ್ಟನ್ನು ಬಾಗಿಸುತ್ತಿದ್ದವು, ಆ ಬಾಗು ಕ್ಯಾರಿಯರಿನ ತನಕ ಬರುತ್ತಿತ್ತು. ಕ್ಯಾರಿಯರನ್ನು ಹಿಡಿದ ಸಿಲಿಂಡ್ರಿಕಲ್ ರೋಲರ್ ಬೇರಿಂಗುಗಳಲ್ಲಿ ಸಡಿಲಿಕೆ ಇದ್ದುದರಿಂದ ಕ್ಯಾರಿಯರ್ ಓರೆಯಾಗುತ್ತಿತ್ತು. ಪರಿಣಾಮವಾಗಿ ಒಂದೇ ಪ್ಲಾನೆಟ್ಟಿನ ಮುಂದಿನ ಬೇರಿಂಗಿಗೂ ಹಿಂದಿನ ಬೇರಿಂಗಿಗೂ ಬೀಳುವ ಭಾರ ಬೇರೆಬೇರೆಯಾಗಿತ್ತು, ಮತ್ತು ಅದು ಕ್ಯಾರಿಯರ್ ಸುತ್ತಿದಂತೆ ಬದಲಾಗುತ್ತಿತ್ತು. ಮುಂದಿನ ವಿನ್ಯಾಸದಲ್ಲಿ ಆ ಬೇರಿಂಗುಗಳ ಜಾಗಕ್ಕೆ ಮೊದಲೇ ಒತ್ತಿ ಕೂರಿಸಿದ ಟೇಪರ್ ರೋಲರ್ ಬೇರಿಂಗುಗಳನ್ನು ತಂದಾಗ ಹಂಚಿಕೆ ಸುಧಾರಿಸಿತು, ಪ್ಲಾನೆಟ್ ಭಾಗದ ಅಂದಾಜು ಆಯುಸ್ಸು ಗಣನೀಯವಾಗಿ ಏರಿತು.

ರೂಢಿಯ ಪಕ್ಷ ಇದನ್ನೇ ಎತ್ತಿಹಿಡಿದು, ನೋಡಿ ಬಿಗಿ ಮಾಡಿದ್ದಕ್ಕೇ ಸರಿಹೋಯಿತು ಎನ್ನಬಹುದು. ಆದರೆ ಅಲ್ಲಿ ಬಿಗಿ ಮಾಡಿದ್ದು ಏನನ್ನು? ಸನ್ ಗೇರು ತೇಲುತ್ತಲೇ ಇತ್ತು. ಬಿಗಿಯಾದದ್ದು ಕ್ಯಾರಿಯರಿನ ಓರೆ ಮಾತ್ರ. ಭಾರ ಹಂಚುವ ಬಳುಕನ್ನು ಉಳಿಸಿಕೊಂಡು ಸಂಪರ್ಕ ಕೆಡಿಸುವ ಸಡಿಲಿಕೆಯನ್ನು ತೆಗೆದರು. ಅಳತೆ ಮಾಡಿದ್ದರಿಂದ ಯಾವುದು ಯಾವುದೆಂದು ತಿಳಿಯಿತು. ಇಡೀ ಗೇರ್‌ಬಾಕ್ಸಿಗೆ ಲೋಹ ತುಂಬಿದ್ದರೆ ಇದು ಗೊತ್ತಾಗುತ್ತಲೇ ಇರಲಿಲ್ಲ.

ರೂಢಿಯ ಪಕ್ಷದ ಗಟ್ಟಿಯಾದ ಆಕ್ಷೇಪ ಕಂಪನದ್ದು. ಬಳುಕು ಹೆಚ್ಚಾದರೆ ಸಹಜ ಆವರ್ತನಗಳು ಇಳಿಯುತ್ತವೆ, ಹಲ್ಲು ಕಚ್ಚುವ ಆವರ್ತನಕ್ಕೆ ಹತ್ತಿರವಾದರೆ ಯಂತ್ರ ಗುನುಗುತ್ತದೆ, ಹಲ್ಲುಗಳು ಬಡಿಯುತ್ತವೆ ಎನ್ನುತ್ತಾರೆ. ಆಕ್ಷೇಪ ನ್ಯಾಯವಾದದ್ದು, ಉತ್ತರವೂ ಇದೆ. ಜಿಯಾನ್ ಲಿನ್ ಮತ್ತು ರಾಬರ್ಟ್ ಪಾರ್ಕರ್ 1999ರಲ್ಲೇ ತೋರಿಸಿದಂತೆ, ಪ್ಲಾನೆಟ್‌ಗಳು ಸಮಾನ ಅಂತರದಲ್ಲಿರುವ ವ್ಯವಸ್ಥೆಯ ಕಂಪನಗಳು ಸ್ಪಷ್ಟ ಗುಂಪುಗಳಾಗಿ ಒಡೆಯುತ್ತವೆ: ತಿರುಗುವವು, ಸರಿಯುವವು, ಪ್ಲಾನೆಟ್‌ಗಳು ಮಾತ್ರ ಆಡುವವು. ಹಲ್ಲುಗಳ ಸಂಖ್ಯೆಯನ್ನು ಆಯುವಾಗಲೇ ಯಾವ ಗುಂಪು ಕೆರಳುತ್ತದೆ, ಯಾವುದು ಕೆರಳುವುದಿಲ್ಲ ಎಂದು ಹೇಳಲು ಬರುತ್ತದೆ. ಕಂಪನ ಲೆಕ್ಕ ಹಾಕಬೇಕಾದ ವಿಷಯ. ಲೆಕ್ಕ ಹಾಕದಿರಲು ಅದು ನೆಪವಾಗಬಾರದು.

ಲೆಕ್ಕ ಹಾಕುವ ರೀತಿಯ ಬಗ್ಗೆಯೇ ಹೆಚ್ಚು ಹೇಳಬೇಕಾಗಿದೆ, ಏಕೆಂದರೆ ಹಳೆಯ ನಂಬಿಕೆಗೆ ಈಗ ಹೊಸ ಅಂಗಿ ತೊಡಿಸಿರುವುದು ಕಂಪ್ಯೂಟರು. ಫೈನೈಟ್ ಎಲಿಮೆಂಟ್ ಸಾಫ್ಟ್‌ವೇರಿನಲ್ಲಿ ಒಂದು ಹಲ್ಲನ್ನೋ ಒಂದು ಪ್ಲಾನೆಟ್ಟನ್ನೋ ತೆಗೆದುಕೊಂಡು, ಒಳರಂಧ್ರವನ್ನು ಅಲುಗದಂತೆ ಕಟ್ಟಿಹಾಕಿ, ಸಮಪಾಲಿನ ಬಲವನ್ನು ಹಲ್ಲಿನ ಮೇಲೆ ಹಚ್ಚಿ, ಕೆಂಪು ಹಳದಿ ನೀಲಿ ಚಿತ್ರ ತೆಗೆಯುತ್ತಾರೆ. ಲಕ್ಷಾಂತರ ಎಲಿಮೆಂಟುಗಳ ಆ ಚಿತ್ರ ನೋಡಿದವರಿಗೆ ಅನುಮಾನವೇ ಉಳಿಯುವುದಿಲ್ಲ. ಆದರೆ ಹಚ್ಚಿದ ಬಲವೇ ಊಹೆ, ಕಟ್ಟಿದ ಆಸರೆಯೇ ಸುಳ್ಳು. ಹಲ್ಲಿನ ಬುಡದ ಸ್ಟ್ರೆಸ್ಸನ್ನು ಶೇಕಡಾ ಎರಡರ ನಿಖರತೆಯಲ್ಲಿ ತಿಳಿದುಕೊಂಡು, ಆ ಹಲ್ಲಿಗೆ ಬರುವ ಬಲದಲ್ಲಿ ಶೇಕಡಾ ಎಪ್ಪತ್ತರ ತಪ್ಪನ್ನು ಉಳಿಸಿಕೊಂಡರೆ ಆ ನಿಖರತೆಯಿಂದ ಪ್ರಯೋಜನವೇನು? ಮೊದಲು ಬೇಕಾದದ್ದು ಇಡೀ ವ್ಯವಸ್ಥೆಯ ಲೆಕ್ಕ. ಸನ್, ರಿಂಗ್, ಕ್ಯಾರಿಯರ್, ಪಿನ್ನು, ಬೇರಿಂಗಿನ ಸಡಿಲಿಕೆ, ಕೇಸಿಂಗು ಎಲ್ಲವೂ ತಮ್ಮತಮ್ಮ ಬಿಗಿತದೊಂದಿಗೆ ಅದರಲ್ಲಿರಬೇಕು. ಪಿನ್ನುಗಳ ಸ್ಥಾನದೋಷವನ್ನು ಟಾಲರೆನ್ಸಿನ ಒಳಗೆ ಬೇರೆಬೇರೆ ರೀತಿಯಲ್ಲಿ ಹಾಕಿ, ಕ್ಯಾರಿಯರ್ ಒಂದು ಸುತ್ತು ಬರುವಷ್ಟು ಸ್ಥಾನಗಳಲ್ಲಿ ಹಂಚಿಕೆಯನ್ನು ನೋಡಬೇಕು. ಒಂದು ಹಲ್ಲಿನ ಸೂಕ್ಷ್ಮ ಚಿತ್ರಕ್ಕೆ ಅರ್ಥ ಬರುವುದು ಅದಾದ ಮೇಲೆ.

ಪ್ಲಾನೆಟ್ಟಿನ ಹಲ್ಲಿಗೆ ಇನ್ನೊಂದು ಕಷ್ಟವಿದೆ. ಸನ್ ಗೇರಿನ ಹಲ್ಲು ಯಾವಾಗಲೂ ಒಂದೇ ಕಡೆಯಿಂದ ಒತ್ತಿಸಿಕೊಳ್ಳುತ್ತದೆ. ಪ್ಲಾನೆಟ್ಟಿನ ಹಲ್ಲನ್ನು ಸನ್ ಒಂದು ಮಗ್ಗುಲಿನಿಂದ ಒತ್ತಿದರೆ, ಅರ್ಧ ಸುತ್ತಿನ ನಂತರ ರಿಂಗು ಮತ್ತೊಂದು ಮಗ್ಗುಲಿನಿಂದ ಒತ್ತುತ್ತದೆ. ಪ್ರತಿ ಸುತ್ತಿನಲ್ಲೂ ಹಲ್ಲು ಅತ್ತಿತ್ತ ಬಾಗುತ್ತದೆ. ಇಂಥ ಹಲ್ಲಿಗೆ ಲೋಹದ ದಣಿವಿನ ಮಿತಿಯನ್ನು ಸಾಮಾನ್ಯವಾಗಿ 0.7ರಿಂದ ಗುಣಿಸಿ ಇಳಿಸಿಕೊಳ್ಳಬೇಕು. ಇದಕ್ಕೆ ಹಂಚಿಕೆಯ ಅಸಮತೆ ಸೇರಿದರೆ ಕಾಗದದ ಮೇಲಿನ 1.7ರ ಸೇಫ್ಟಿ ಫ್ಯಾಕ್ಟರ್ ಎಲ್ಲಿ ಹೋಯಿತೆಂದು ಹುಡುಕಬೇಕಾಗುತ್ತದೆ.

ಹಲ್ಲನ್ನೇ ದಿಟ್ಟಿಸುತ್ತ ಉಳಿದದ್ದನ್ನು ಮರೆಯುವುದರ ಅಪಾಯವನ್ನು ವಾಯುಯಾನ ಘೋರವಾಗಿ ಕಂಡಿದೆ. 2016ರ ಏಪ್ರಿಲ್ 29ರಂದು ನಾರ್ವೆಯ ಬರ್ಗನ್ ಹತ್ತಿರದ ಟುರೋಯ್ ಬಳಿ ಇಸಿ225 ಸೂಪರ್ ಪ್ಯೂಮಾ ಹೆಲಿಕಾಪ್ಟರಿನ ಮುಖ್ಯ ರೋಟರ್ ಹಾರಾಟದಲ್ಲೇ ಕಳಚಿಕೊಂಡಿತು, ಅದರಲ್ಲಿದ್ದ 13 ಜನರೂ ಸತ್ತರು. ಗೇರ್‌ಬಾಕ್ಸಿನ ಎರಡನೆಯ ಹಂತದ ಎಂಟು ಪ್ಲಾನೆಟ್ ಗೇರುಗಳಲ್ಲಿ ಒಂದು ಲೋಹದ ದಣಿವಿನಿಂದ ಸೀಳಿತ್ತು. ಆ ಗೇರಿನ ರಿಮ್ಮೇ ಬೇರಿಂಗಿನ ಹೊರವರ್ತುಲವೂ ಆಗಿತ್ತು. ಬಿರುಕು ಶುರುವಾದದ್ದು ಹಲ್ಲಿನ ಬುಡದಲ್ಲಲ್ಲ, ಬೇರಿಂಗಿನ ರೋಲರುಗಳು ಉರುಳುವ ಒಳಮೈಯಲ್ಲಿ. ಅಲ್ಲಿಂದ ಲೋಹದ ಒಳಗೊಳಗೇ ಹಲ್ಲಿನತ್ತ ಬೆಳೆಯಿತು. ಚೂರುಗಳು ಹೆಚ್ಚು ಉದುರಲಿಲ್ಲವಾದ್ದರಿಂದ ಎಣ್ಣೆಯಲ್ಲಿನ ಲೋಹದ ಚೂರು ಹಿಡಿಯುವ ಸಾಧನ ಎಚ್ಚರಿಸಲಿಲ್ಲ. 2009ರ ಏಪ್ರಿಲ್ 1ರಂದು ಸ್ಕಾಟ್ಲೆಂಡಿನ ಪೀಟರ್‌ಹೆಡ್ ಕರಾವಳಿಯಾಚೆ ಇದೇ ವಂಶದ ಹೆಲಿಕಾಪ್ಟರೊಂದು ಎರಡನೆಯ ಹಂತದ ಪ್ಲಾನೆಟ್ ಗೇರು ಮುರಿದೇ ಬಿದ್ದು 16 ಜನ ಸತ್ತಿದ್ದರು. ಈ ದುರಂತಗಳು ಅಸಮ ಹಂಚಿಕೆಯಿಂದಲೇ ಆದವು ಎಂದು ಹೇಳುವುದು ಸಲ್ಲದು. ಅವು ಕಲಿಸುವುದು ಬೇರೆ: ಹಲ್ಲು, ರಿಮ್ಮು, ಬೇರಿಂಗು ಮೂರೂ ಒಂದೇ ಲೋಹದ ತುಂಡಾಗಿರುವಾಗ ಹಲ್ಲಿಗೊಂದು, ಬೇರಿಂಗಿಗೊಂದು ಪ್ರತ್ಯೇಕ ಸೂತ್ರ ಹಚ್ಚಿ ಎರಡೂ ಪಾಸಾದವು ಎಂದು ನೆಮ್ಮದಿಯಿಂದಿರುವಂತಿಲ್ಲ.

ಪ್ಲಾನೆಟ್‌ಗಳ ಸಂಖ್ಯೆ ಹೆಚ್ಚಿಸುವ ಸಲಹೆಗೆ ಪ್ರಮಾಣಗ್ರಂಥಗಳೇ ಉತ್ತರ ಕೊಟ್ಟಿವೆ. ಗಾಳಿಯಂತ್ರದ ಗೇರ್‌ಬಾಕ್ಸುಗಳಿಗಾಗಿ 2012ರಲ್ಲಿ ಬಂದ ಐಇಸಿ 61400-4, ಹಂಚಿಕೆಯ ಅಸಮತೆಗೆ ಹಿಡಿಯಬೇಕಾದ ಗುಣಕವನ್ನು ಮೂರು ಪ್ಲಾನೆಟ್‌ಗಳಿಗೆ 1.10, ನಾಲ್ಕಕ್ಕೆ 1.25, ಐದಕ್ಕೆ 1.35 ಎಂದು ಕೊಟ್ಟಿತು. ಭಾಗಿಸಿ ನೋಡಿದರೆ ಮೂರು ಪ್ಲಾನೆಟ್‌ಗಳು 2.7ರಷ್ಟು, ನಾಲ್ಕು 3.2ರಷ್ಟು, ಐದು 3.7ರಷ್ಟು ಕೆಲಸ ಮಾಡುತ್ತವೆ. ಅಂದರೆ ಹೆಚ್ಚಿಗೆ ಹಾಕಿದ ಪ್ರತಿ ಪ್ಲಾನೆಟ್ಟಿನಲ್ಲೂ ಅರ್ಧ ವ್ಯರ್ಥ. ಅದನ್ನು ಮರಳಿ ಪಡೆಯುವ ದಾರಿ ಬಳುಕಿನ ವಿನ್ಯಾಸ, ಜೊತೆಗೆ ಅಳತೆ ಮಾಡಿ ಅದನ್ನು ಸಾಬೀತು ಮಾಡುವುದು. ಆದರೆ ಆಗುತ್ತಿರುವುದೇನು? ಕೋಷ್ಟಕದ ಅಂಕಿಯನ್ನು ಲೆಕ್ಕದಲ್ಲಿ ತುಂಬಿಸಿದೊಡನೆ ಹಂಚಿಕೆಯ ಪ್ರಶ್ನೆ ಬಗೆಹರಿಯಿತೆಂದು ಫೈಲು ಮುಚ್ಚುತ್ತಾರೆ. ತೇಲುವ ಸನ್ ಇರುವ ಗೇರ್‌ಬಾಕ್ಸಿಗೂ ಎಲ್ಲವನ್ನೂ ಬಂಧಿಸಿಟ್ಟ ಗೇರ್‌ಬಾಕ್ಸಿಗೂ ಅದೇ 1.25. ಮೇಲಿನ ಉದಾಹರಣೆಯಲ್ಲಿ ತೇಲುವ ಸನ್ನಿಗೆ ಈ ಅಂಕಿ ಒಪ್ಪುತ್ತದೆ, ಬಂಧಿಸಿಟ್ಟದ್ದಕ್ಕೆ ಅದು ಸುಳ್ಳು ಭರವಸೆ.

ಬಳುಕಿನ ವಿನ್ಯಾಸ ಪ್ರಯೋಗಾಲಯದ ಕನಸು ಎನ್ನುವವರು ಆಕಾಶ ನೋಡಲಿ. 2016ರ ಜನವರಿಯಲ್ಲಿ ಏರ್‌ಬಸ್ ಎ320 ನಿಯೋ ವಿಮಾನದಲ್ಲಿ ಸೇವೆಗೆ ಬಂದ ಪ್ರಾಟ್ ಅಂಡ್ ವಿಟ್ನಿಯ ಗೇರ್ಡ್ ಟರ್ಬೋಫ್ಯಾನ್ ಎಂಜಿನ್ನಿನ ಫ್ಯಾನನ್ನು ತಿರುಗಿಸುವುದು ಇದೇ ಕುಟುಂಬದ ಗೇರು. ಅಲ್ಲಿ ಕ್ಯಾರಿಯರ್ ನಿಂತಿರುತ್ತದೆ, ಐದು ಗೇರುಗಳು ಜರ್ನಲ್ ಬೇರಿಂಗುಗಳ ಮೇಲೆ ತಿರುಗುತ್ತವೆ, ವೇಗ ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಫ್ಯಾನಿನ ಮತ್ತು ಎಂಜಿನ್ನಿನ ಬಾಗು ಗೇರಿನ ಹಲ್ಲಿಗೆ ತಲುಪದಿರಲೆಂದು ಇಡೀ ಗೇರು ಗುಂಪನ್ನೇ ಬಳುಕುವ ಆಸರೆಯ ಮೇಲೆ ನಿಲ್ಲಿಸಿ, ಸನ್ ಗೇರಿಗೆ ಬಳುಕುವ ಶಾಫ್ಟಿನ ಮೂಲಕ ಶಕ್ತಿ ಕೊಟ್ಟಿದ್ದಾರೆ. ಒಂದು ಗ್ರಾಂ ತೂಕಕ್ಕೂ ಲೆಕ್ಕ ಕೇಳುವ, ಒಂದು ವೈಫಲ್ಯವನ್ನೂ ಸಹಿಸದ ಜಾಗದಲ್ಲಿ ಎಂಜಿನಿಯರುಗಳು ನೆಚ್ಚಿಕೊಂಡದ್ದು ಅಳೆದು ಕೊಟ್ಟ ಬಳುಕನ್ನು.

ಚಿತ್ರದುರ್ಗ, ಗದಗದ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳಲ್ಲಿ ಗೇರ್‌ಬಾಕ್ಸ್ ಇರುವವುಗಳೆಲ್ಲಕ್ಕೂ ಈ ಮಾತು ನೇರವಾಗಿ ಸಲ್ಲುತ್ತದೆ. ಅಲ್ಲಿ ಒಂದು ಗೇರ್‌ಬಾಕ್ಸ್ ಕೆಟ್ಟರೆ ಭಾರೀ ಕ್ರೇನು ಗುಡ್ಡ ಹತ್ತಬೇಕು, ಗಾಳಿಯ ಹಂಗಾಮಿನಲ್ಲಿ ಯಂತ್ರ ನಿಲ್ಲಬೇಕು. ಕೊಳ್ಳುವವರು ಸೇಫ್ಟಿ ಫ್ಯಾಕ್ಟರನ್ನು ಕೇಳುತ್ತಾರೆ, ಅದು ಯಾವ ಹಂಚಿಕೆಯನ್ನು ನಂಬಿ ಬಂದದ್ದೆಂದು ಕೇಳುವುದಿಲ್ಲ. ಕಾಲೇಜುಗಳಲ್ಲಿ ಪ್ಲಾನೆಟರಿ ಗೇರಿನ ಪಾಠ ವೇಗದ ಅನುಪಾತದ ಕೋಷ್ಟಕದೊಂದಿಗೆ ಮುಗಿದುಹೋಗುತ್ತದೆ. ಭಾರ ಹೇಗೆ ಹಂಚಿಹೋಗುತ್ತದೆ ಎಂಬ ಪ್ರಶ್ನೆ ತರಗತಿಯೊಳಗೆ ಬರುವುದೇ ಅಪರೂಪ. ಡ್ರಾಯಿಂಗಿಗೆ ಸಹಿ ಹಾಕುವ ಪ್ರತಿಯೊಬ್ಬ ಎಂಜಿನಿಯರೂ, ಗೇರ್‌ಬಾಕ್ಸಿಗೆ ಹಣ ಕೊಡುವ ಪ್ರತಿಯೊಬ್ಬ ಗ್ರಾಹಕನೂ ಇನ್ನು ಮುಂದೆ ಕೇಳಬೇಕು: ಪಿನ್ನುಗಳ ದೋಷವನ್ನು ಸೇರಿಸಿ ಹಂಚಿಕೆಯ ಲೆಕ್ಕ ಹಾಕಿದ್ದೀರಾ, ರಿಂಗಿನ ಹಲ್ಲಿನ ಬುಡಗಳಲ್ಲಿ ಸ್ಟ್ರೇನ್ ಗೇಜ್ ಇಟ್ಟು ಅದನ್ನು ಅಳೆದಿದ್ದೀರಾ? ಈ ಎರಡಕ್ಕೂ ಉತ್ತರವಿಲ್ಲದ ಸ್ಟ್ರೆಸ್ ವರದಿಯನ್ನು ಒಪ್ಪಿಕೊಳ್ಳದೆ ಹಿಂದಕ್ಕೆ ಕಳಿಸಬೇಕು.